ನಾಲ್ಕನೆಯ ಉಸಿರು

ಚಾವಣಿಗೆ ಮನೆಯವರ ಉಸಿರಿನ ಗುರುತು ಸಿಕ್ಕಿಬಿಟ್ಟರೆ ಏನಾಗಬಹುದು? ಈ ಒಂದು ಪ್ರಶ್ನೆಯ ಹಿಂದೆ ಬಿದ್ದು ನಾನು ಹನ್ನೊಂದು ವರ್ಷ ಕಳೆದೆ. ಅಷ್ಟರಲ್ಲಿ ತಲೆ ಮುಕ್ಕಾಲು ನೆರೆಯಿತು, ಕನ್ನಡಕ ಮೂರು ಸಲ ಬದಲಾಯಿತು, ಅಕ್ಕನ ಮಕ್ಕಳು "ನಮ್ಮ ಚಿಕ್ಕಮ್ಮ ಬಲ್ಬು ಮಾಡ್ತಾರೆ" ಎಂದು ಅರ್ಧ ಮೈಸೂರಿಗೆ ಹೇಳಿ ಮುಗಿಸಿದರು. ಬಲ್ಬಲ್ಲ ಕಣ್ರೋ, ಹಾಳೆ ಎಂದು ತಿದ್ದಿ ತಿದ್ದಿ ನನಗೂ ಸಾಕಾಯಿತು.

ಹಾಳೆ ಎಂದರೆ ಹಾಳೆಯೇ. ಹಪ್ಪಳದಷ್ಟು ತೆಳ್ಳಗಿನದು. ಚಾವಣಿಗೆ ಅಂಟಿಸಿದರೆ ಸುಣ್ಣ ಬಳಿದಂತೆ ಕಾಣುತ್ತದೆ. ಅದರೊಳಗೆ ಎಳ್ಳಿಗಿಂತ ಸಣ್ಣ ದೀಪಗಳು ಲಕ್ಷಗಟ್ಟಲೆ ಇರುತ್ತವೆ. ಒಂದೊಂದರ ಬೆಳಕನ್ನೂ ಬೇಕಾದ ಕಡೆಗೆ ತಿರುಗಿಸಬಹುದು. ಜೊತೆಗೊಂದು ಪುಟ್ಟ ರೇಡಾರ್. ಅದು ಯಾರ ಮುಖವನ್ನೂ ನೋಡುವುದಿಲ್ಲ, ಎದೆಯ ಏರಿಳಿತವನ್ನಷ್ಟೇ ಎಣಿಸುತ್ತದೆ. ನಡಿಗೆಯ ಹಾಗೆ ಉಸಿರಿಗೂ ಒಬ್ಬೊಬ್ಬರದು ಒಂದೊಂದು ಧಾಟಿ. ಯಾರು ಎಲ್ಲಿ ಕೂತಿದ್ದಾರೆ, ಯಾರಿಗೆ ನಿದ್ದೆ ಸಾಲದೆ ಎದೆ ಭಾರವಾಗಿದೆ ಎನ್ನುವುದು ಹಾಳೆಗೆ ತಿಳಿಯುತ್ತದೆ. ಕೂತವರ ಕಣ್ಣಿಗೆ ಎಷ್ಟು ಬೇಕೋ ಅಷ್ಟು ಬೆಳಕು ಕೊಟ್ಟು, ಉಳಿದ ಕೋಣೆಯನ್ನು ನಸುಗತ್ತಲಲ್ಲಿ ಬಿಡುತ್ತದೆ. ಹಳೆಯ ದೀಪಗಳ ಎಂಟನೇ ಒಂದು ಭಾಗ ವಿದ್ಯುತ್ತು ಸಾಕು.

ಇನ್ನೊಂದು ವಿಷಯವಿದೆ. ನಮ್ಮ ಕಣ್ಣಿನ ಹಿಂಭಾಗದಲ್ಲಿ ನೋಡುವುದಕ್ಕಲ್ಲದೆ ಹೊತ್ತು ತಿಳಿಯುವುದಕ್ಕೆಂದೇ ಕೆಲವು ಕೋಶಗಳಿವೆ. ಬೆಳಗಿನ ಹೊತ್ತು ಅವುಗಳ ಮೇಲೆ ಆಕಾಶದ ನೀಲಿ ಬೆರೆತ ಬೆಳಕು ಚೆನ್ನಾಗಿ ಬಿದ್ದರೆ ಮೈ ಹಗಲಾಯಿತೆಂದು ನಂಬುತ್ತದೆ. ಹಾಗೆ ನಂಬಿದ ಮೈ ರಾತ್ರಿ ನಿದ್ದೆಯನ್ನೂ ಮಾಡುತ್ತದೆ. ಇಡೀ ದಿನ ಮಂಕು ದೀಪದಡಿ ಕೂತವರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಆ ಹೊತ್ತಿಗೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲೇ ದುಡಿಯುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂತು ಲೆಕ್ಕ ಬರೆಯುವವರು, ಮಂಚದ ಮೇಲೆ ಕೂತು ಪಾಠ ಹೇಳುವವರು, ಪಡಸಾಲೆಯಲ್ಲಿ ಬಟ್ಟೆ ಹೊಲಿಯುವವರು. ವಿದ್ಯುತ್ತಿಗೆ ಪಡಿತರ ಬಂದಿತ್ತು, ಮನೆ ಮನೆಗೂ ಬೆಳಕಿನ ಪಾಲು ಇಷ್ಟೇ ಎಂದು ಗೊತ್ತು ಮಾಡಿದ್ದರು. ಕಣ್ಣೂ ಉಳಿಯಬೇಕು, ಕರೆಂಟೂ ಉಳಿಯಬೇಕು. ಅದಕ್ಕಾಗಿ ನಮ್ಮ ಹಾಳೆಯನ್ನು ಮುನ್ನೂರ ನಲವತ್ತು ಮನೆಗಳಲ್ಲಿ ಪರೀಕ್ಷೆಗೆ ಹಚ್ಚಿದೆವು.

ಅವುಗಳಲ್ಲಿ ಇನ್ನೂರ ಹನ್ನೆರಡನೆಯದು ಶಿಡ್ಲಘಟ್ಟದ ಕಡೆಯ ಮರಳುಕುಂಟೆ ಎಂಬ ಊರಿನ ಒಂದು ರೇಷ್ಮೆ ಮನೆ. ರೇಷ್ಮೆ ಸಾಕುವವರ ಮನೆಯಲ್ಲಿ ಮನುಷ್ಯರು ಒಂದು ಪಾಲು, ಹುಳುಗಳು ಮೂರು ಪಾಲು. ದೊಡ್ಡ ಪಡಸಾಲೆಯೆಲ್ಲ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳು, ಹುಳುವಿನ ಮೇಲೆ ಹಿಪ್ಪುನೇರಳೆ ಸೊಪ್ಪು. ಅವರಿಗೆ ಅದೇ ಕಾರ್ಖಾನೆ, ಅದೇ ಮನೆ. ಹುಳುವಿಗೆ ಮಬ್ಬು ಬೆಳಕು ಬೇಕು. ಬೆಳಕು ಜೋರಾದರೆ ಮೂಲೆಗೆ ಗುಂಪು ಸೇರಿ ಕೆಲವು ತಿಂದು ದಪ್ಪವಾಗುತ್ತವೆ, ಕೆಲವು ಸೊರಗುತ್ತವೆ. ಸೊಪ್ಪು ಹಾಕುವವರಿಗೆ ಮಾತ್ರ ಒಳ್ಳೆಯ ಬೆಳಕೇ ಬೇಕು. ನಮ್ಮ ಹಾಳೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿರಲಿಲ್ಲ. ಹಾಗಾಗಿ ಸಮೀಕ್ಷೆಗೆ ನಾನೇ ಹೋದೆ.

ಬಾಗಿಲಲ್ಲೇ ಮನೆಯೊಡತಿ ಅಂಜಿನಮ್ಮ ನನ್ನನ್ನು ತಡೆದು ಮೂಸಿ ನೋಡಿದರು. ಅರವತ್ತರ ಹೆಂಗಸು, ತೆಳ್ಳಗೆ, ಗಟ್ಟಿಯಾಗಿದ್ದರು.

"ತಲೆಗೆ ವಾಸನೆ ಎಣ್ಣೆ ಹಾಕಿದೀರಲ್ಲ ತಾಯಿ. ಹುಳಕ್ಕೆ ಆಗಲ್ಲ. ಕೈಕಾಲು ತೊಳ್ಕಂಡು, ತಲೆಗೆ ಈ ವಸ್ತ್ರ ಕಟ್ಕಂಡು ಬನ್ನಿ."

ಪಿಎಚ್‌.ಡಿ. ಮಾಡಿದ ಮೇಲೆ ನನ್ನನ್ನು ಯಾರೂ ಹಾಗೆ ಬಾಗಿಲಲ್ಲಿ ನಿಲ್ಲಿಸಿರಲಿಲ್ಲ. ತೆಪ್ಪಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋದೆ. ನನ್ನ ನಮೂನೆಯಲ್ಲಿದ್ದ ಪ್ರಶ್ನೆ ಕೇಳಿದೆ: ಇಲ್ಲಿ ಕೆಲಸ ಮಾಡುವವರು ಎಷ್ಟು ಜನ?

"ಮೂರು ಜನ ಕಣಮ್ಮ. ನಾನು, ನಮ್ ಯಜಮಾನ್ರು ದ್ಯಾವಪ್ಪ, ನನ್ ಮಗ ಮುನಿರಾಜ."

ಚಾವಣಿಗೆ ಹಾಳೆ ಹಚ್ಚಿಸಿ, ಮೂವರ ಬಾಯಿಂದಲೂ ಹೆಸರು ಹೇಳಿಸಿ, ಅವರ ಉಸಿರನ್ನು ದಾಖಲು ಮಾಡಿದೆ. ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಮೇಲೆ ಬೇವಿನ ಸೊಪ್ಪು ಸಿಕ್ಕಿಸಿತ್ತು, ಒಳಗಿನಿಂದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ಅದನ್ನೆಲ್ಲ ನೋಡಿಯೂ ನಾನು ಕೇಳಲಿಲ್ಲ, ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲವಲ್ಲ. ಹಸುಗೂಸಿರುವ ಮನೆಯಲ್ಲಿ ಗೊತ್ತಿಲ್ಲದವರ ಎದುರು ಕೂಸಿನ ಮಾತೆತ್ತುವುದಿಲ್ಲ, ದೃಷ್ಟಿಯಾಗುತ್ತದೆಂಬ ಭಯ. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ಅಂದು ಮಾತ್ರ ಹೊಳೆಯಲಿಲ್ಲ.

*

ಎರಡು ತಿಂಗಳಾದ ಮೇಲೆ ಮೈಸೂರಿನ ನಮ್ಮ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ನಕ್ಷೆಯ ಮೇಲೆ ಇನ್ನೂರ ಹನ್ನೆರಡನೆಯ ಚುಕ್ಕೆ ಕೆಂಪಾಯಿತು. ಯೋಜನೆಯ ಮುಖ್ಯಸ್ಥರಾದ ಗುರುಬಸಪ್ಪನವರು ಕೋಲಿನಿಂದ ಅದನ್ನು ತಟ್ಟಿ ತೋರಿಸಿದರು. ಮಾತಿಗಿಂತ ವಿದ್ಯುತ್ತಿನ ವ್ಯಾಟ್ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಕೆಟ್ಟವರಲ್ಲ, ಮಗಳ ಮದುವೆ ಮಂಟಪದಲ್ಲೂ ಹಗಲು ಹೊತ್ತು ಉರಿಯುತ್ತಿದ್ದ ದೀಪಗಳನ್ನು ತಾವೇ ಆರಿಸಿಕೊಂಡು ತಿರುಗಿದವರು.

"ಮಂಗಳಾ, ಏನಿದು ನಿಮ್ಮ ರೇಷ್ಮೆ ಮನೆ? ಹದಿನಾರು ದಿನದಿಂದ ಪಾಲು ಮೀರ್ತಾ ಇದೆ. ಬೆಳಗ್ಗೆ ಏಳರಿಂದ ಏಳೂ ನಲವತ್ತು. ಆ ನಲವತ್ತು ನಿಮಿಷದಲ್ಲಿ ಅರ್ಧ ದಿನದ ಬೆಳಕು ಕುಡಿದುಬಿಡ್ತಾರೆ."

ನಾನು ದಾಖಲೆ ತೆಗೆದು ನೋಡಿದೆ. ಆ ಹೊತ್ತಿನಲ್ಲಿ ಅಲ್ಲಿ ಮೂವರಲ್ಲದ ನಾಲ್ಕನೆಯ ಉಸಿರು ಇತ್ತು. ಹಾಳೆ ಅದನ್ನು 'ಅತಿಥಿ' ಎಂದು ಬರೆದುಕೊಂಡಿತ್ತು. ದಾಖಲಾಗದವರು ಬಂದರೆ ಅವರಿಗೂ ಬೇಕಾದಷ್ಟು ಬೆಳಕು ಕೊಡು ಎಂಬ ನಿಯಮ ಬರೆದವಳು ನಾನೇ. ಆದರೆ ಗುರುತಿಲ್ಲದ ಉಸಿರಿನ ಜಾಗವನ್ನು ಹಾಳೆ ಕರಾರುವಾಕ್ಕಾಗಿ ಹಿಡಿಯಲಾರದು. ಹಾಗಾಗಿ ಒಬ್ಬರಿಗೆ ಬೇಕಾದ ಬೆಳಕನ್ನು ಚಾವಣಿಯ ಕಾಲುಭಾಗದಿಂದ ಸುರಿಯುತ್ತದೆ. ಪಾಲು ಮೀರಿದ್ದು ಅಲ್ಲಿ.

"ಅಕ್ಕಪಕ್ಕದವರು ಬಂದು ಪುಕ್ಕಟೆ ಬೆಳಕಲ್ಲಿ ಅಕ್ಕಿ ಆರಿಸ್ತಾ ಇರಬೇಕು" ಎಂದರು ಗುರುಬಸಪ್ಪ.

"ಹದಿನಾರು ದಿನ ತಪ್ಪದೆ ಬರೋರು ಅತಿಥಿ ಅಲ್ಲ ಸರ್."

"ಯಾರಾದ್ರೂ ಆಗ್ಲಿ. ಇಪ್ಪತ್ತು ದಿನ ಆದ್ರೆ ಹಾಳೆ ತಾನಾಗೇ ಅರ್ಧಕ್ಕೆ ಇಳಿಯುತ್ತೆ, ಆರು ತಿಂಗಳು ಏರಲ್ಲ. ಶುಕ್ರವಾರ ಕಡೇ ದಿನ. ನಿಯಮ ನಿಮಗೂ ಗೊತ್ತು."

ಗೊತ್ತು. ಆದರೂ ಆ ಉಸಿರಿನ ಗೆರೆಗಳನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ಮೊದಲ ದಿನಗಳಲ್ಲಿ ಅದು ಎಷ್ಟು ಮೇಲುಮೇಲಿನ ಉಸಿರೆಂದರೆ ರೇಡಾರಿನಿಂದಲೇ ಎರಡು ಸಲ ತಪ್ಪಿಸಿಕೊಂಡಿತ್ತು. ನಡುನಡುವೆ ಉದ್ದನೆಯ ನಿಟ್ಟುಸಿರು. ಎಷ್ಟೋ ವಾರ ನಿದ್ದೆಗೆಟ್ಟ ಮೈಯ ಉಸಿರು ಅದು. ಹತ್ತನೆಯ ದಿನದ ಹೊತ್ತಿಗೆ ನಿಟ್ಟುಸಿರು ಅರ್ಧಕ್ಕಿಳಿದಿತ್ತು. ಹದಿನಾರನೆಯ ದಿನ ಉಸಿರು ಹೊಟ್ಟೆಯ ತನಕ ಇಳಿದಿತ್ತು. ಯಾರೋ ಒಬ್ಬರು ನಮ್ಮ ಬೆಳಕಿನಲ್ಲಿ ದಿನದಿನಕ್ಕೂ ಚೇತರಿಸಿಕೊಳ್ಳುತ್ತಿದ್ದರು. ಆ ಉಸಿರಿಗೆ ಅಂಟಿಕೊಂಡೇ ಇನ್ನೊಂದು ಪುಟ್ಟ ಮಿಡಿತವಿತ್ತು, ನಿಮಿಷಕ್ಕೆ ನಲವತ್ತೆರಡು. ಮೂವತ್ತು ಮೀರಿದ ಉಸಿರೆಲ್ಲ ಬೆಕ್ಕು, ಮೇಕೆಮರಿ ಇತ್ಯಾದಿ, ಲೆಕ್ಕಕ್ಕೆ ಬೇಡ ಎಂದು ಹಾಳೆಗೆ ಹೇಳಿಕೊಟ್ಟವಳೂ ನಾನೇ. ಮಡಿಲಲ್ಲಿ ಬೆಕ್ಕಿರಬೇಕು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

*

ಮಂಗಳವಾರ ಬೆಳಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಮರಳುಕುಂಟೆ ತಲುಪಿದೆ. ದ್ಯಾವಪ್ಪನವರೂ ಮುನಿರಾಜನೂ ಪಡಸಾಲೆಯಿಂದ ಬೆವರು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ನನ್ನನ್ನು ಕಂಡು ಇಬ್ಬರ ಮುಖವೂ ಇಳಿದುಹೋಯಿತು.

"ಇಷ್ಟೊತ್ತಿಗೇ ಬಂದ್ಬಿಟ್ರಾ ಮೇಡಂ?" ಎಂದರು ದ್ಯಾವಪ್ಪ. "ಇಲ್ಲೇ ಜಗಲಿ ಮೇಲೆ ಕೂತ್ಕಳಿ. ಎಂಟು ಗಂಟೆ ಮೇಲೆ ಒಳಕ್ಕೆ ಹೋಗೀರಂತೆ. ಈಗ ಒಳಗೆ ಒಂದೀಟು ಕೆಲ್ಸ ಐತೆ."

"ಏನು ಕೆಲಸ?"

"ಅದೇ… ಇರ್ತಾವಲ್ಲ, ಮನೆ ಅಂದ್ಮೇಲೆ" ಎಂದು ಮಗನ ಮುಖ ನೋಡಿದರು. ಇಬ್ಬರೂ ಸೊಪ್ಪಿನ ತೋಟದ ಕಡೆ ದಾಪುಗಾಲು ಹಾಕಿದರು.

ಕಳ್ಳರು ಸಿಕ್ಕಿಬಿದ್ದರು ಎಂದುಕೊಂಡು ನಾನು ಕೈಕಾಲು ತೊಳೆದು, ತಲೆಗೆ ವಸ್ತ್ರ ಕಟ್ಟಿ, ಸದ್ದಿಲ್ಲದೆ ಒಳಗೆ ಹೋದೆ.

ತಟ್ಟೆಗಳನ್ನೆಲ್ಲ ದೂರದ ಗೋಡೆಗೆ ಒತ್ತಾಗಿ ಜೋಡಿಸಿದ್ದರು. ಅಲ್ಲಿ ಮಬ್ಬುಗತ್ತಲು, ಹುಳು ಸೊಪ್ಪು ಕಡಿಯುವ ಚರಚರ ಸದ್ದು. ಈಚೆ ಕಡೆ, ಪಡಸಾಲೆಯ ಕಾಲುಭಾಗದಲ್ಲಿ, ತೊಳೆದಿಟ್ಟಂಥ ಬೆಳಗು. ಅದರ ನಡುವೆ ಚಾಪೆಯ ಮೇಲೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮುಖ ಮೇಲೆತ್ತಿ ಕೂತಿದ್ದಳು. ಮಡಿಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ಹಿಂದೆ ಕೂತ ಅಂಜಿನಮ್ಮ ಅವಳ ತಲೆ ಬಾಚುತ್ತಿದ್ದರು.

ನನ್ನನ್ನು ಕಂಡಕೂಡಲೆ ಅಂಜಿನಮ್ಮ ಬಾಚಣಿಗೆ ಬಿಸಾಕಿ ಎದ್ದು, ಹುಡುಗಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತರು.

"ನಾನೇ ಕರ್ಕಂಡ್ ಬಂದಿದ್ದು! ಅವ್ಳದೇನೂ ತಪ್ಪಿಲ್ಲ. ಏನ್ ಹೇಳೋದಿದ್ರೂ ನಂಗೆ ಹೇಳಿ."

ನನ್ನ ಕಣ್ಣು ತುಂಬಿಬಂತು. ಆ ನಲವತ್ತೆರಡು ಮಿಡಿತದ ಬೆಕ್ಕು ಆಗ ಆಕಳಿಸಿತು.

ಹುಡುಗಿಯನ್ನು ಕೋಣೆಗೆ ಕಳಿಸಿದ ಮೇಲೆ ಹಿತ್ತಲ ತೊಟ್ಟಿಯ ಹತ್ತಿರ ಕೂತು ಅಂಜಿನಮ್ಮ ಎಲ್ಲ ಹೇಳಿದರು. ಭಾರ್ಗವಿ ಅವರ ಸೊಸೆ. ತಾಯಿ ತೀರಿಕೊಂಡು ಎರಡು ವರ್ಷ, ತವರಲ್ಲಿ ನೋಡಿಕೊಳ್ಳುವವರಿಲ್ಲ. ಅದಕ್ಕೇ ಬಾಣಂತನ ಇಲ್ಲೇ. ಹೆಣ್ಣು ಕೂಸು. ಹೆರಿಗೆಯೇನೋ ಸಲೀಸಾಯಿತು. ಆಮೇಲೆ ಹುಡುಗಿ ಮಾತು ಬಿಟ್ಟಳು, ನಿದ್ದೆ ಬಿಟ್ಟಳು. ಕೂಸಿಗೆ ಹಾಲು ಕೊಡು ಎಂದರೆ ಕೊಡುತ್ತಾಳೆ, ಅದರ ಮುಖ ನೋಡುವುದಿಲ್ಲ. ನಾಮಕರಣಕ್ಕೆ ಏನು ಹೆಸರಿಡೋಣ ಎಂದರೆ ಗೋಡೆ ನೋಡುತ್ತಾಳೆ. ತಾಯಿಯೇ ಒಲ್ಲದ ಮೇಲೆ ಹೇಗೆಂದು ನಾಮಕರಣ ಮುಂದಕ್ಕೆ ಹಾಕಿದ್ದರು.

"ಒಂದಿನ ಬಾಣಂತಿ ಕೋಣೇಲಿ ಹೊಗೆ ತುಂಬ್ಕಂಡ್ತು ಕಣಮ್ಮ. ಯಜಮಾನ್ರೂ ಮಗನೂ ತೋಟದಲ್ಲಿದ್ರು. ಉಸಿರು ಕಟ್ತದೆ ಅಂತ ಇವ್ಳನ್ನ ಕೈ ಹಿಡ್ದು ಇಲ್ಲಿಗೆ ತಂದು ಕೂರಿಸ್ದೆ. ಹಾಳೆ ಪಳ್ಳನೆ ಬೆಳಗ್ತು. ಇವ್ಳು ಮುಖ ಎತ್ತಿ ನೋಡುದ್ಲು. ನೋಡಿ, 'ಅತ್ತೆ, ಇವತ್ತು ಯಾವ ವಾರ?' ಅಂದ್ಲು." ಅಂಜಿನಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಆರು ವಾರದಲ್ಲಿ ಅದೇ ಮೊದಲ್ನೇ ಮಾತು. ಭಾನುವಾರ ಕಣವ್ವಾ ಅಂದೆ. ಅವತ್ತಿಂದ ದಿನಾ ಕರ್ಕಂಡ್ ಬರ್ತೀನಿ."

"ಮನೆಯವರಿಗೆ ಹೇಳೋದಲ್ವಾ?"

"ಬಾಣಂತಿ ಮೂರು ತಿಂಗ್ಳು ಹುಳದ್ ಮನೆ ಹೊಸ್ಲು ತುಳೀಬಾರ್ದು ಅಂತ ಊರಿಗೆಲ್ಲ ಹೇಳ್ಕಂಡು ಬಂದೋಳು ನಾನು. ನಮ್ ನಾದಿನಿ ಒಂದ್ಸಲ ತುಳ್ದಾಗ ಎಷ್ಟು ಬೈದಿದ್ದೆ! ಈಗ ಹುಳಕ್ಕೆ ಒಂದು ರೋಗ ಬಂತು ಅನ್ಕಳಿ, ಯಾರ್ ಮೇಲೆ ಬರ್ತದೆ? ಈ ತಾಯಿಲ್ದ ಹುಡ್ಗಿ ಮೇಲೆ. ಹಂಗಾಗಿ ಗಂಡಸ್ರಿಗೆ ಗೊತ್ತಾಗ್ದಂಗೆ ಕರ್ಕಂಡ್ ಬರೋದು. ಬೆಳೆ ಕೆಟ್ರೆ ನನ್ ಕೈಯಾರ ಕೆಡ್ತು ಅಂತೀನಿ. ಈಟು ಬೆಳಕು ಬಿದ್ರೆ ಹುಳಕ್ಕೆ ಒಳ್ಳೇದಲ್ಲ ಅಂತ ನಂಗೆ ಗೊತ್ತಿಲ್ವಾ? ಹೋದ್ರೆ ಒಂದು ಬೆಳೆ ಹೋಗ್ತದೆ."

"ತಟ್ಟೆಗಳನ್ನ ಆ ಕಡೆ ಸರಿಸಿದೋರು ಯಾರು?"

"ಅದಾ? ಬೆಳಗ್ಗೆ ಬೆಳಗ್ಗೆ ನೆಲ ಗುಡಿಸಕ್ಕೆ ಅನುಕೂಲ ಅಂತ ಯಜಮಾನ್ರು ಹೊಸ್ದಾಗಿ ಶುರು ಮಾಡವ್ರೆ. ಎಂಟು ಗಂಟೆಗೆ ಮತ್ತೆ ಇತ್ಲಾಗೆ ಇಡ್ತಾರೆ. ವಯಸ್ಸಾಯ್ತಲ್ಲ, ಒಂದೊಂದು ಹುಚ್ಚು."

ನಾನು ಕೈಯಲ್ಲಿದ್ದ ದಾಖಲೆ ಬಿಚ್ಚಿದೆ. ಆರೂವರೆಗೆ ಎರಡನೆಯ ಉಸಿರು, ಮೂರನೆಯ ಉಸಿರು ಒಳಗೆ ಬರುತ್ತವೆ. ಇಪ್ಪತ್ತು ನಿಮಿಷ ಏದುಸಿರು. ಏಳಕ್ಕೆ ಮುಂಚೆ ಹೊರಗೆ. ಹದಿನಾರರಲ್ಲಿ ಹದಿನೈದು ದಿನವೂ ಹೀಗೆಯೇ. ಅಂದರೆ ಎರಡನೆಯ ದಿನದಿಂದಲೇ ಗಂಡಸರಿಗೆ ಗೊತ್ತಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತು ಬಂದ ಮುನಿರಾಜ ಅಂಜಿನಮ್ಮನ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ತಲೆಯಾಡಿಸಿದ. ಆಮೇಲೆ ಗಾಡಿಯ ತನಕ ಬಂದು ಮೆಲ್ಲಗೆ ಹೇಳಿದ.

"ಅಮ್ಮಂಗೆ ಹೇಳ್ಬೇಡಿ ಮೇಡಂ. ನಮಗೆ ಗೊತ್ತು ಅಂತಾದ್ರೆ ಅವ್ಳು ನಾಚ್ಕೊಂಡು ಕರ್ಕೊಂಡ್ ಬರೋದೇ ನಿಲ್ಲಿಸ್ಬಿಡ್ತಾಳೆ. ಭಾರ್ಗವಿ ಮೊನ್ನೆ ನನ್ನ 'ಊಟ ಆಯ್ತಾ' ಅಂತ ಕೇಳುದ್ಲು." ಇಷ್ಟು ಹೇಳಿ ಗಡ್ಡ ಕೆರೆದುಕೊಳ್ಳುತ್ತ ಎತ್ತಲೋ ನೋಡಿದ.

ಬೆಳಕೊಂದೇ ಔಷಧಿಯಲ್ಲ, ವೈದ್ಯರಿಗೆ ತೋರಿಸಲೇಬೇಕು ಎಂದೆ. ಆರೋಗ್ಯ ಕೇಂದ್ರದ ಲೇಡಿ ಡಾಕ್ಟರು ಆ ಸಂಜೆಯೇ ಬಂದು ನೋಡಿದರು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ವಾಸಿಯಾಗುತ್ತದೆ, ವಾರಕ್ಕೆರಡು ದಿನ ಮಾತಾಡಿಸಲು ಬರುತ್ತೇನೆ ಎಂದರು. ಹೊರಡುವಾಗ ನನ್ನನ್ನು ಕರೆದು, ಬೆಳಗಿನ ಆ ಬೆಳಕನ್ನು ಮಾತ್ರ ಈಗ ನಿಲ್ಲಿಸಬೇಡಿ ಎಂದು ಒತ್ತಿ ಹೇಳಿದರು.

*

ಗುರುಬಸಪ್ಪನವರಿಗೆ ಫೋನು ಮಾಡಿದೆ. ದಾರಿ ಒಂದೇ ಇತ್ತು. ಭಾರ್ಗವಿಯ ಉಸಿರನ್ನು ಹೆಸರು ಸಮೇತ ದಾಖಲು ಮಾಡಿದರೆ ಹಾಳೆ ಅವಳನ್ನು ಕರಾರುವಾಕ್ಕಾಗಿ ಹಿಡಿಯುತ್ತದೆ. ಬೆಳಕು ಅವಳ ಮೇಲಷ್ಟೇ ಬೀಳುತ್ತದೆ, ಖರ್ಚು ಪಾಲಿನೊಳಗೆ ಬರುತ್ತದೆ, ಹುಳುವಿಗೂ ತೊಂದರೆಯಿಲ್ಲ.

"ಯೋಜನೆ ಇರೋದು ದುಡಿಯೋರಿಗೆ ಮಂಗಳಾ. ಆಕೆ ಈಗ ಕೆಲಸ ಮಾಡ್ತಾ ಇಲ್ಲ. ಹೀಗೆ ಸೇರಿಸ್ತಾ ಹೋದ್ರೆ ನಾಳೆ ಎಲ್ಲರ ಮನೆ ಅಜ್ಜಿ ತಾತನೂ ಪಟ್ಟಿಗೆ ಬರ್ತಾರೆ."

"ಬರ್ಲಿ ಸರ್. ನಾವು ಹೋಗಿ ಹಾಳೆ ಹಚ್ಚಿದ್ದು ಕಾರ್ಖಾನೆಗಲ್ಲ, ಮನೆಗೆ. ಕೆಲಸ ಮಾಡೋರ ಕಣ್ಣನ್ನ ಮಾತ್ರ ಲೆಕ್ಕ ಹಾಕಿ ನಾನು ತಪ್ಪು ಮಾಡ್ದೆ. ಒಂದು ಮನೇಲಿ ಹೆತ್ತೋರು, ಕಾಯಿಲೆಯೋರು, ಮಲಗಿರೋರು, ಅಳೋರು ಎಲ್ಲ ಇರ್ತಾರೆ. ಕೂಸಿನ ಉಸಿರನ್ನ ಬೆಕ್ಕಿನ ಲೆಕ್ಕಕ್ಕೆ ಬರೆದೆ ಸರ್ ನಾನು. ನಾಚಿಕೆಯಾಗುತ್ತೆ."

ಆ ಕಡೆ ಅವರು ಕೋಲು ಕೆಳಗಿಟ್ಟ ಸದ್ದಾಯಿತು.

"ಶುಕ್ರವಾರ ಎಂಟು ಗಂಟೆಯೊಳಗೆ ಪಾಲಿನೊಳಗೆ ತನ್ನಿ" ಎಂದರು ಕಡೆಗೆ. "ತಂದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ತರದಿದ್ರೆ ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಬೆಕ್ಕು ಮೇಕೆಯ ನಿಯಮವನ್ನು ಅಂದೇ ಅಳಿಸಿದೆ. ತೊಡಕಿದ್ದದ್ದು ಇನ್ನೊಂದರಲ್ಲಿ. ಯಾರದೋ ಉಸಿರನ್ನು ಯಾರೋ ಬರೆಸಬಾರದು ಎಂದು ಹಾಳೆಗೆ ಕಟ್ಟುನಿಟ್ಟಿನ ಕಾನೂನಿದೆ. ದಾಖಲಾಗುವವರು ತಮ್ಮ ಹೆಸರನ್ನು ತಮ್ಮ ಬಾಯಿಂದಲೇ ಹೇಳಬೇಕು. ಮಕ್ಕಳಿದ್ದರೆ ತಾಯಿ ಹೇಳಬೇಕು. ಭಾರ್ಗವಿಯೋ ದಿನಕ್ಕೊಂದು ಮಾತಾಡಿದರೆ ಹೆಚ್ಚು, ಅದೂ ಅತ್ತೆಯ ಹತ್ತಿರ.

ಬುಧವಾರ ಬೆಳಗ್ಗೆ ಅವಳನ್ನು ಬೆಳಕಿನಲ್ಲಿ ಕೂರಿಸಿ ಎಲ್ಲ ವಿವರಿಸಿದೆ. ಹಾಳೆ ತನ್ನ ದನಿಯಲ್ಲಿ ಕೇಳಿತು: "ನಿಮ್ಮ ಹೆಸರು ಹೇಳಿ." ಅವಳು ನನ್ನನ್ನು ನೋಡಿದಳು, ಚಾವಣಿ ನೋಡಿದಳು, ತುಟಿ ಅಲುಗಿತು. ಮಾತು ಬರಲಿಲ್ಲ. ಅಂಜಿನಮ್ಮನಿಗೆ ತಡೆಯಲಾಗಲಿಲ್ಲ.

"ಭಾರ್ಗವಿ! ಭಾರ್ಗವಿ ಅಂತ ಬರ್ಕೊಳಪ್ಪ!"

"ನೀವು ಅಂಜಿನಮ್ಮ" ಎಂದಿತು ಹಾಳೆ.

"ಗೊತ್ತು ಕಣೋ ಮೂದೇವಿ, ಅವ್ಳ ಹೆಸ್ರು ಹೇಳ್ತಾ ಇರೋದು!"

"ನೀವು ಅಂಜಿನಮ್ಮ" ಎಂದು ಇನ್ನೊಮ್ಮೆ ಅದೇ ವಿನಯದಿಂದ ಹೇಳಿತು. ಭಾರ್ಗವಿಯ ತುಟಿಯಂಚಿನಲ್ಲಿ ಏನೋ ಮಿನುಗಿ ಮಾಯವಾಯಿತು. ನಗುವಿರಬಹುದು. ಗುರುವಾರವೂ ಮಾತು ಬರಲಿಲ್ಲ. ನಾನು ಅವಳನ್ನು ಒತ್ತಾಯ ಮಾಡಲಿಲ್ಲ. ಒತ್ತಾಯದಿಂದ ಹೊರಟ ಹೆಸರಿನಲ್ಲಿ ಉಸಿರು ಎಲ್ಲಿರುತ್ತದೆ? ಆದರೆ ಶಿಡ್ಲಘಟ್ಟದ ಲಾಡ್ಜಿಗೆ ಹಿಂತಿರುಗುವಾಗ ದಾರಿಯುದ್ದಕ್ಕೂ ನನಗೆ ಅಳು ಬಂತು. ಹನ್ನೊಂದು ವರ್ಷದ ನನ್ನ ಕೆಲಸ ಜಗತ್ತಿನಲ್ಲಿ ಒಬ್ಬಳನ್ನಾದರೂ ನಿಜವಾಗಿ ಮುಟ್ಟಿತ್ತು. ನಾಳೆ ಎಂಟು ಗಂಟೆಗೆ ನನ್ನದೇ ನಿಯಮ ಅದನ್ನು ಕಿತ್ತುಕೊಳ್ಳಲಿತ್ತು.

*

ಶುಕ್ರವಾರ ನಾನು ಹೋದಾಗ ಮನೆಯಲ್ಲಿ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಹುಳು ಹಣ್ಣಾಗಿದ್ದವು. ಅಂದರೆ ತಿನ್ನುವುದು ಬಿಟ್ಟು, ಮೈಯೆಲ್ಲ ಅರಿಶಿನ ಬೆರೆತ ಹಾಲಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆಯೆತ್ತಿದ್ದವು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಗಳನ್ನು ಸುರುಳಿಯಾಗಿ ಹೆಣೆದ ದೊಡ್ಡ ತಟ್ಟೆ. ಒಂದು ಗಳಿಗೆ ತಡವಾದರೆ ಹುಳು ಸಿಕ್ಕಲ್ಲಿ ನೂಲು ಬಿಟ್ಟು ಹಾಳು ಮಾಡಿಬಿಡುತ್ತವೆ. ಜೋರು ಬೆಳಕು ಬಿದ್ದರಂತೂ ಎಲ್ಲ ಒಂದೇ ಕಡೆ ಮುತ್ತಿಕೊಂಡು, ಎರಡೆರಡು ಸೇರಿ ಒಂದು ಗೂಡು ಕಟ್ಟುತ್ತವೆ. ಅಂಥ ಗೂಡಿನಿಂದ ಎಳೆ ತೆಗೆಯಲು ಬರುವುದಿಲ್ಲ.

ಮೂವರೂ ಬೆಳಗಿನ ಜಾವದಿಂದ ಬಗ್ಗಿಸಿದ ಬೆನ್ನು ಎತ್ತಿರಲಿಲ್ಲ. ತಟ್ಟೆಗಳು ಪಡಸಾಲೆಯ ತುಂಬ ಹರಡಿದ್ದವು. ನಾನೂ ಸೀರೆ ಎತ್ತಿಕಟ್ಟಿ ಹುಳು ಆರಿಸಲು ಕೂತೆ; ನನ್ನ ಉಸಿರು ನಮ್ಮ ಎಲ್ಲ ಹಾಳೆಗಳಿಗೂ ಮೊದಲೇ ಗೊತ್ತು. ತಣ್ಣಗಿನ, ಮೆತ್ತಗಿನ ಹುಳು, ಬೆರಳಿಗೆ ಸಿಕ್ಕರೆ ತಲೆಯಾಡಿಸುತ್ತದೆ. ಏಳು ದಾಟಿತು. ಬಾಣಂತಿಯ ಕೋಣೆಯ ಕಡೆ ಅಂಜಿನಮ್ಮ ಎರಡು ಸಲ ನೋಡಿದರು, ಗಂಡನ ಕಡೆ ನೋಡಿದರು, ಮತ್ತೆ ಬಗ್ಗಿದರು. ನನ್ನ ಕೈಗಡಿಯಾರದಲ್ಲಿ ಏಳೂ ಇಪ್ಪತ್ತು.

ಬಾಗಿಲು ಕಿರುಗುಟ್ಟಿತು. ಭಾರ್ಗವಿ ಹೊಸ್ತಿಲಲ್ಲಿ ನಿಂತಿದ್ದಳು, ಎದೆಗೊತ್ತಿದ ಕೂಸಿನ ಸಮೇತ. ಯಾರೂ ಕರೆದಿರಲಿಲ್ಲ. ಮಾವನ ಎದುರಿಗೇ, ಗಂಡನ ಎದುರಿಗೇ ಅವಳು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಚಾವಣಿಯ ಕಾಲುಭಾಗ ಪಳ್ಳನೆ ಬೆಳಗಿತು. ಬೆಳಕಿಗೆ ಸಿಕ್ಕ ಹುಳುಗಳೆಲ್ಲ ಒಮ್ಮೆಲೆ ಕತ್ತಲ ಕಡೆಗೆ ಹರಿಯತೊಡಗಿದವು.

ಅಂಜಿನಮ್ಮನ ಮುಖ ಬಿಳಿಚಿತು. ದ್ಯಾವಪ್ಪನವರು ಕೈಯಲ್ಲಿ ಹಿಡಿದ ಹುಳು ಹಿಡಿದ ಹಾಗೇ ಇತ್ತು.

ಭಾರ್ಗವಿ ತಟ್ಟೆಗಳನ್ನು ನೋಡಿದಳು. ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು.

"ಮಾವ, ಇವತ್ತು ತಟ್ಟೆ ಆ ಕಡೆ ಇಟ್ಟಿಲ್ವಲ್ಲ" ಎಂದಳು. "ದಿನಾ ನಾನು ಬರೋಕ್ ಮುಂಚೆ ಇಡ್ತಿದ್ರಲ್ಲ."

ಅಂಜಿನಮ್ಮ ಗಂಡನ ಕಡೆ ತಿರುಗಿದರು. ದ್ಯಾವಪ್ಪನವರು ನೆಲ ನೋಡಿದರು. ಮುನಿರಾಜ ಚಂದ್ರಿಕೆಯ ಹಿಂದೆ ಮುಖ ಮರೆಸಿಕೊಂಡ. ಈ ಹುಡುಗಿ ಕೋಣೆಯೊಳಗೆ ಗೋಡೆ ನೋಡುತ್ತ ಮಲಗಿ, ಹೊರಗೆ ಅವರು ದಿನವೂ ಸದ್ದಾಗದ ಹಾಗೆ ತಟ್ಟೆ ಸರಿಸುವುದನ್ನು ಕೇಳಿಸಿಕೊಂಡಿದ್ದಳು. ಅವಳಿಗಾಗಿ ಮನೆಯಲ್ಲಿ ಯಾರು ಯಾರಿಗೆ ಏನು ಮುಚ್ಚಿಟ್ಟಿದ್ದಾರೆ ಎಂಬುದೆಲ್ಲ ಅವಳೊಬ್ಬಳಿಗೆ ಗೊತ್ತಿತ್ತು.

"ನಿನ್ ಕಿವಿಗೆ ಬೆಂಕಿ ಹಾಕ" ಎಂದರು ಅಂಜಿನಮ್ಮ. ಯಾರನ್ನು ಬೈದರೋ ಅವರಿಗೂ ತಿಳಿದಿರಲಿಲ್ಲ. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

ಭಾರ್ಗವಿ ನನ್ನತ್ತ ತಿರುಗಿದಳು. "ಹೆಸ್ರು ಹೇಳಿದ್ರೆ ಬೆಳಕು ಹುಳದ ಮೇಲೆ ಬೀಳಲ್ಲ ಅಂದ್ರಲ್ಲ ಮೇಡಂ?"

"ಬೀಳಲ್ಲ."

ಅವಳು ಚಾವಣಿಯ ಕಡೆ ಮುಖವೆತ್ತಿದಳು.

"ಭಾರ್ಗವಿ" ಎಂದಳು. ಧ್ವನಿ ಒಡೆದಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು, "ಭಾರ್ಗವಿ."

ಚೆಲ್ಲಿದ್ದ ಬೆಳಕು ನಾಲ್ಕೂ ಕಡೆಯಿಂದ ಮೆಲ್ಲಗೆ ಹಿಂದೆ ಸರಿದು ಅವಳ ಮುಖ ಭುಜಗಳ ಮೇಲಷ್ಟೇ ನಿಂತಿತು. ತಟ್ಟೆಗಳ ಮೇಲೆ ಮಬ್ಬು ಮರಳಿತು, ಹುಳುಗಳು ನಿಂತಲ್ಲೇ ನಿಂತು ತಲೆಯಾಡಿಸಿದವು. ಹಾಳೆಯ ಲೆಕ್ಕ ತೋರಿಸುವ ನನ್ನ ಪುಟ್ಟ ಫಲಕದಲ್ಲಿ ಕೆಂಪು ಚುಕ್ಕೆ ಹೋಗಿ ಹಸಿರಾಯಿತು. ಏಳೂ ಇಪ್ಪತ್ತಾರು. ಮೈಸೂರಿನಿಂದ ಗುರುಬಸಪ್ಪನವರ ಸಂದೇಶ ಒಂದೇ ಪದದ್ದು: "ಸರಿ."

ಹಾಳೆ ಬಿಡಲಿಲ್ಲ. ನಿಯಮ ಅಳಿಸಿದ್ದೆನಲ್ಲ, ಈಗ ಅದಕ್ಕೆ ಕೂಸೂ ಕಾಣಿಸುತ್ತಿತ್ತು. "ಇನ್ನೊಂದು ಉಸಿರು ಇದೆ" ಎಂದಿತು. "ಮಗುವಿನ ಹೆಸರು ಹೇಳಿ."

ನಾನು ಅವಸರದಲ್ಲಿ ಆ ಪ್ರಶ್ನೆ ನಿಲ್ಲಿಸಲು ಫಲಕದ ಮೇಲೆ ಬೆರಳಿಟ್ಟೆ. ಭಾರ್ಗವಿ ಕೈಯೆತ್ತಿ ತಡೆದಳು. ಸೀರೆಯ ಮಡಿಕೆ ಸರಿಸಿ ಕೂಸಿನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅದು ಬಾಯಿ ಚೂರು ತೆರೆದುಕೊಂಡು ನಿದ್ದೆ ಮಾಡುತ್ತಿತ್ತು.

"ಗೌರಮ್ಮ" ಎಂದಳು.

"ನಿಮ್ಮಮ್ಮನ ಹೆಸ್ರಲ್ವೇನೇ" ಎಂದರು ಅಂಜಿನಮ್ಮ.

"ಹೂಂ ಅತ್ತೆ. ಏಳ್ನೇ ತಿಂಗ್ಳಲ್ಲೇ ಅಂದ್ಕೊಂಡಿದ್ದೆ. ಇವ್ಳು ಹುಟ್ದಾಗ ಅಮ್ಮ ನೋಡಕ್ಕೆ ಬರ್ಲಿಲ್ವಲ್ಲಾ ಅನ್ನಿಸ್ತು. ಆಮೇಲೆ ಬಾಯೇ ಬರ್ಲಿಲ್ಲ." ಅವಳ ಅಳು ಆಗ ಹೊರಗೆ ಬಂತು. ಎರಡು ವರ್ಷದ ಅಳು ಅದು, ಸಣ್ಣದಾಗಿರಲು ಸಾಧ್ಯವಿರಲಿಲ್ಲ. ಅಂಜಿನಮ್ಮ ಹುಳು ಹಿಡಿದ ಕೈಯಲ್ಲೇ ಅವಳನ್ನೂ ಕೂಸನ್ನೂ ಒಟ್ಟಿಗೆ ತಬ್ಬಿಕೊಂಡರು.

ಆ ಗದ್ದಲಕ್ಕೆ ಕೂಸು ಎಚ್ಚರಗೊಂಡು ಮುಖ ಕಿವುಚಿತು. ದ್ಯಾವಪ್ಪನವರು ಹಿತ್ತಲಿಗೆ ಹೋದರು. ನೀರು ಮೊಗೆಯುವ ಸದ್ದು ಕೇಳಿಸಿತು. ಮೊಣಕೈ ತನಕ ಒದ್ದೆಯಾಗಿದ್ದ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದು ಸೊಸೆಯ ಮುಂದೆ ನಿಂತರು.

"ಗೌರಮ್ಮನ್ನ ಇತ್ಲಾಗೆ ಕೊಡವ್ವ" ಎಂದರು. "ಕೈ ತೊಳ್ದಿದೀನಿ."